ತಾಯಿ ಅಳುತ್ತಾಳೆ, ಮಗ ಮನೆ ಬಿಡುತ್ತಾನೆ

ಮೊದಲಿಗೇ ಓದುಗರಲ್ಲಿ ಕ್ಷಮೆ ಕೇಳಬೇಕು. ಸಿನಿಮಾ ಬಲ್ಲವರು ಹೇಳಬೇಕಾದ ಕಥೆ ಇದು. ಫಿಲಿಪೀನ್ಸಿನವರ ದುಃಖದ ಸಿನಿಮಾಗಳ ಬಗ್ಗೆ ಮಾತನಾಡಲು ಆ ದೇಶದವರೇ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ದೇಜಪ್ಪನಿಗೆ ಆದದ್ದನ್ನು ಬೇರೆ ಯಾರೂ ಬರೆಯಲಿಲ್ಲ. ಆ ಒಂದೇ ಧೈರ್ಯದಿಂದ ಇದನ್ನು ಹೇಳುತ್ತಿರುವುದು. ಹೆಚ್ಚುಕಡಿಮೆ ಇದ್ದರೆ ತಪ್ಪು ಹೇಳುವವರದು, ದೇಜಪ್ಪನದಲ್ಲ.

ದೇಜಪ್ಪ ಕಾಪುವಿನ ಕಡೆಯವನು. ಹಗಲು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಮಾಡುತ್ತ, ಸಂಜೆ ಕಾಲೇಜಿನಲ್ಲಿ ಓದಿ, ಇಪ್ಪತ್ತೊಂಬತ್ತನೆಯ ವರ್ಷಕ್ಕೆ ಬಿ.ಕಾಂ. ಮುಗಿಸಿ ಮಸ್ಕತ್ತಿಗೆ ಬಂದವನು. ರೂವಿಯ ಒಂದು ಕಂಪನಿಯಲ್ಲಿ ಸ್ಟೆನೋ. ಒಂದು ಪತ್ರವನ್ನು ಮೂರು ಸಲ ಓದದೆ ಲಕೋಟೆಗೆ ಹಾಕುತ್ತಿರಲಿಲ್ಲ. ಹಾಕಿದ ಮೇಲೆಯೂ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ. ಸಂಜೆ ಕಾಲೇಜಿನಲ್ಲಿ ಅವನಿಗೆ ಒಳ್ಳೆಯ ಅಂಕ ಬಂದದ್ದು ಇಂಗ್ಲಿಷ್ ಸಾರಾಂಶ ಬರವಣಿಗೆಯಲ್ಲಿ. ‘ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ಹೇಳಿದ್ದನ್ನೇ ಹೇಳಿದ್ದು, ಉದಾಹರಣೆ, ಉದ್ಗಾರ, ಎಲ್ಲ ಕಿತ್ತು ಬಿಸಾಡಿ’ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಅದು ಅವನಿಗೆ ವೇದವಾಗಿತ್ತು.

ಕಂಪನಿಯ ಮ್ಯಾನೇಜರ್ ಇಂಗ್ಲೆಂಡಿನವರು. ಬೌಷರ್ ಕಡೆಯ ಒಂದು ಸಿನಿಮಾ ಕ್ಲಬ್ಬಿಗೆ ಅವರೇ ಕಾರ್ಯದರ್ಶಿ. ಹಾಗಾಗಿ ಕ್ಲಬ್ಬಿನ ಟೈಪಿಂಗ್ ಕೆಲಸವೂ ದೇಜಪ್ಪನ ಮೇಜಿಗೇ ಬಂದು ಬೀಳುತ್ತಿತ್ತು. ೧೯೮೬ರ ಚಳಿಗಾಲದಲ್ಲಿ ಕ್ಲಬ್ಬಿನವರು ಏಷ್ಯಾದ ಸಿನಿಮಾಗಳ ಒಂದು ವಾರ ಇಟ್ಟುಕೊಂಡರು. ನೋಡಿ ಬರೆಯಲು ಯೂರೋಪಿನಿಂದ ಇಬ್ಬರು ವಿಮರ್ಶಕರನ್ನು ಕರೆಸಿದರು. ಒಬ್ಬರು ಲಂಡನ್ನಿನ ಗಂಡಸು, ಇನ್ನೊಬ್ಬರು ಫ್ರಾನ್ಸಿನ ಹೆಂಗಸು.

ಫಿಲಿಪೀನ್ಸಿನ ಸಿನಿಮಾದ ಕ್ಯಾಸೆಟ್ ಕೊಟ್ಟವಳು ವಿಕ್ಟೋರಿಯಾ. ಊರಿನಲ್ಲಿ ಇಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಆರು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅವಳದ್ದೊಂದು ಬೇಡಿಕೆ ಇತ್ತು. ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ಸಿನಿಮಾ ತೋರಿಸುವ ಕ್ಲಬ್ಬಿನ ಹಾಲ್ ತಮ್ಮವರಿಗೆ ಸಿಗಬೇಕು. ನರ್ಸುಗಳು, ಮನೆಗೆಲಸದವರು, ರಜೆಯ ದಿನ ಎಲ್ಲಿಯೂ ಒಟ್ಟಿಗೆ ಕೂರಲು ಜಾಗ ಇಲ್ಲದವರು ಬಂದು ತಮ್ಮ ಭಾಷೆಯ ಒಂದು ಸಿನಿಮಾ ನೋಡಿಕೊಂಡು ಹೋಗುತ್ತಾರೆ.

‘ಅತಿಥಿಗಳು ನೋಡಲಿ. ಒಳ್ಳೆಯ ಮಾತು ಬರೆದರೆ ಕಮಿಟಿಯ ಮುಂದೆ ಇಡಲು ನನಗೂ ಸುಲಭ’ ಎಂದಿದ್ದರು ಮ್ಯಾನೇಜರ್.

ಕ್ಯಾಸೆಟ್ಟಿನಲ್ಲಿ ಚಿತ್ರದ ಕೆಳಗೆ ಮಾತಿನ ಇಂಗ್ಲಿಷ್ ಅನುವಾದ ಇರಲಿಲ್ಲ. ಅತಿಥಿಗಳ ಕೈಗೆ ಕಥೆಯ ಒಂದು ಹಾಳೆ ಕೊಡುವುದು ಎಂದಾಯಿತು. ವಿಕ್ಟೋರಿಯಾ ಹೇಳಬೇಕು, ದೇಜಪ್ಪ ಬರೆದುಕೊಳ್ಳಬೇಕು. ‘ಒಂದು ಪುಟ. ಹೆಚ್ಚು ಬೇಡ’ ಎಂದಿದ್ದರು ಮ್ಯಾನೇಜರ್.

ಮಧ್ಯಾಹ್ನ ಒಂದರಿಂದ ನಾಲ್ಕರ ವಿರಾಮದಲ್ಲಿ, ಆಫೀಸಿನ ಹಿಂದಿನ ಕೋಣೆಯಲ್ಲಿ, ಎರಡು ದಿನ ಆ ಕೆಲಸ ನಡೆಯಿತು. ಹೆಂಗಸೊಬ್ಬಳ ಜೊತೆ ಒಬ್ಬನೇ ಕೂರಲು ದೇಜಪ್ಪನಿಗೆ ಭಯ. ಬಾಗಿಲು ತೆರೆದಿಟ್ಟು ಡ್ರೈವರ್ ಮೊಯ್ದುವನ್ನು ಕರೆದು ಕೂರಿಸಿದ. ಮೊಯ್ದು ಉಳ್ಳಾಲದವನು.

‘ನನಗೆಂಥಕ್ಕೆ ಈ ಫಿಲಿಪಿನೋ ಸಿನಿಮಾ ದೇಜಪ್ಪಣ್ಣ? ಒಂದು ಗಂಟೆ ನಿದ್ದೆ ಹಾಳು!’ ಎಂದು ಗೊಣಗಿಕೊಂಡೇ ಅವನು ಕುರ್ಚಿ ಎಳೆದುಕೊಂಡ.

ಕಥೆ ದೊಡ್ಡದಲ್ಲ. ಸಮುದ್ರದ ಬದಿಯ ಹಳ್ಳಿ. ಪರದೇಶಕ್ಕೆ ಮನೆಗೆಲಸಕ್ಕೆ ಹೋದ ಮಗಳು ಪೆಟ್ಟಿಗೆಯಲ್ಲಿ ಹೆಣವಾಗಿ ಬರುತ್ತಾಳೆ. ತಾಯಿ ಪೆಟ್ಟಿಗೆಯ ಪಕ್ಕ ಕೂತು ಅಳುತ್ತಾಳೆ. ಅದೊಂದು ದೃಶ್ಯವೇ ಹನ್ನೊಂದು ನಿಮಿಷ. ವಿಕ್ಟೋರಿಯಾ ಟೇಪು ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ದೇಜಪ್ಪನ ಪೆನ್ಸಿಲ್ ಶಾರ್ಟ್‌ಹ್ಯಾಂಡಿನಲ್ಲಿ ಓಡಿತು.

‘ನೀನು ಕಳಿಸಿದ ಚಪ್ಪಲಿ ನನಗೆ ಸಣ್ಣದಾಗಿತ್ತು ಮಗಳೇ, ನಿನಗೆ ಬರೆಯಲಿಲ್ಲ. ಬೆರಳು ಮಡಚಿಕೊಂಡು ಇಗರ್ಜಿಗೆ ಹೋದೆ, ಎಲ್ಲರಿಗೂ ತೋರಿಸಿದೆ... ನಿನ್ನ ಪಾಲಿನ ಮೀನು ಒಣಗಿಸಿ ಇಟ್ಟಿದ್ದೆ, ಎರಡು ಮಳೆಗಾಲ ದಾಟಿತು, ಇರುವೆ ತಿಂದಿತು... ಹೋಗುವುದಿಲ್ಲ ಎಂದು ನೀನು ಈ ಕಂಬ ಹಿಡಿದು ನಿಂತಿದ್ದೆ. ನಿನ್ನ ಕೈ ಬಿಡಿಸಿದವನು ಯಾರು? ನಿನ್ನ ಬೆನ್ನ ಹಿಂದೆ ಹುಟ್ಟಿದವನು. ನೋಡು, ಬಾಗಿಲಲ್ಲಿ ನಿಂತಿದ್ದಾನೆ, ಹೊಸ ಅಂಗಿ ಹಾಕಿಕೊಂಡು...’

ತಾಯಿ ಮಗನಿಗೆ ನೇರ ಹೇಳಲಾರದ್ದನ್ನೆಲ್ಲ ಸತ್ತ ಮಗಳಿಗೆ ಹೇಳಿ ಅಳುತ್ತಾಳೆ. ಕೇಳಿಸಿಕೊಂಡ ಮಗ, ಮಾತಿಲ್ಲದೆ, ಆ ರಾತ್ರಿಯೇ ಮನೆ ಬಿಡುತ್ತಾನೆ.

ಟೇಪು ನಿಂತಾಗ ಮೊಯ್ದು ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

‘ನಿನಗೆ ಏನು ಅರ್ಥ ಆಯ್ತು ಮಾರಾಯ?’ ದೇಜಪ್ಪ ಕೇಳಿದ.

‘ಅವಳ ಭಾಷೆ ಯಾರಿಗೆ ಗೊತ್ತುಂಟು ದೇಜಪ್ಪಣ್ಣ? ಆದ್ರೆ ಆ ಹೆಂಗ್ಸು ಬರೀ ಕೂಗುದಲ್ಲ. ಬಾಗಿಲಲ್ಲಿ ನಿಂತವನಿಗೆ ಬೈತಾ ಉಂಟು. ನಮ್ಮ ಉಮ್ಮ ಕೂಡ ಹಾಗೇ. ಸತ್ತವರ ಹೆಸರಲ್ಲಿ ಇದ್ದವರಿಗೆ ಬಡಿಯುದು.’

ದೇಜಪ್ಪನಿಗೂ ಅದು ಗೊತ್ತಿತ್ತು. ಅವನ ಊರಿನ ಹೆಂಗಸರೂ ಸಾವಿನ ಮನೆಯಲ್ಲಿ ಹೇಳಿ ಹೇಳಿಯೇ ಅಳುವವರು. ಗೊತ್ತಿದ್ದೂ, ಮರುದಿನ ಹದಿನಾಲ್ಕು ಪುಟದ ಶಾರ್ಟ್‌ಹ್ಯಾಂಡನ್ನು ಒಂದು ಪುಟಕ್ಕೆ ಇಳಿಸಲು ಕೂತಾಗ, ಅವನ ಪೆನ್ಸಿಲ್ ಮೇಷ್ಟ್ರ ಮಾತು ಕೇಳಿತು. ಚಪ್ಪಲಿ, ಉದಾಹರಣೆ. ಮೀನು, ಹೇಳಿದ್ದನ್ನೇ ಹೇಳಿದ್ದು. ಉಳಿದದ್ದೆಲ್ಲ ಉದ್ಗಾರ. ಆ ಹನ್ನೊಂದು ನಿಮಿಷಕ್ಕೆ ಅಚ್ಚುಕಟ್ಟಾಗಿ ಟೈಪು ಮಾಡಿದ: ‘ತಾಯಿ ಅಳುತ್ತಾಳೆ. ಮಗ ಮನೆ ಬಿಡುತ್ತಾನೆ.’ ಪುಟದ ಕೆಳಗೆ ಎರಡು ಸಾಲಿನ ಜಾಗ ಮಿಕ್ಕಿತ್ತು. ತನ್ನ ಕೆಲಸದ ಬಗ್ಗೆ ಅವನಿಗೆ ಅಪರೂಪಕ್ಕೆ ಸ್ವಲ್ಪ ಹೆಮ್ಮೆಯಾಯಿತು.

ಸಿನಿಮಾ ತೋರಿಸಿದ ದಿನ ಹಾಳೆಗಳು ಮುಂದಿನ ಸಾಲಿನ ಅತಿಥಿಗಳಿಗೆ, ಸದಸ್ಯರಿಗೆ ಮಾತ್ರ ಸಾಕಾದವು. ವಿಕ್ಟೋರಿಯಾ ಮತ್ತು ಅವಳ ಜೊತೆಯ ಎಂಟು ನರ್ಸುಗಳು ಹಿಂದಿನ ಸಾಲಿನಲ್ಲಿದ್ದರು. ತಾಯಿ ಅಳಲು ತೊಡಗಿದಾಗ ಅವರಲ್ಲಿ ಕೆಲವರು ಆಗಲೇ ಕರ್ಚೀಫು ತೆಗೆದಿದ್ದರು. ನಾಲ್ಕು ನಿಮಿಷ ಕಳೆಯಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಲಂಡನ್ನಿನವರು ಹಾಳೆಯನ್ನು ಸರಿಸಿ ಕೈಗಡಿಯಾರ ನೋಡಿಕೊಂಡರು. ಆರನೆಯ ನಿಮಿಷಕ್ಕೆ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಅದು ಸಾಲಿನುದ್ದಕ್ಕೂ ಹರಡಿತು. ಗೋಡೆಗೆ ಆತು ನಿಂತಿದ್ದ ದೇಜಪ್ಪ ಹಿಂದೆ ತಿರುಗಿ ನೋಡಿದ. ನರ್ಸುಗಳು ಅಳು ನಿಲ್ಲಿಸಿಬಿಟ್ಟಿದ್ದರು. ಶಾಲೆಯಲ್ಲಿ ಬೈಸಿಕೊಂಡ ಮಕ್ಕಳ ಹಾಗೆ ನೆಲ ನೋಡುತ್ತಿದ್ದರು.

ಅತಿಥಿಗಳು ವಿಮಾನ ಹತ್ತುವ ಮೊದಲು ಬರಹ ಕೊಟ್ಟುಹೋದರು. ಕ್ಲಬ್ಬಿನ ಬುಲೆಟಿನ್ನಿಗೆ ಸೈಕ್ಲೋಸ್ಟೈಲ್ ಯಂತ್ರದ ಸ್ಟೆನ್ಸಿಲ್ ಟೈಪು ಮಾಡುವುದು ದೇಜಪ್ಪನ ಕೆಲಸ. ಹೀಗಾಗಿ ಆ ಎರಡು ಬರಹಗಳನ್ನು ಮೊದಲು ಓದಿದವನು ಅವನೇ, ಅಕ್ಷರ ಅಕ್ಷರವಾಗಿ.

ಲಂಡನ್ನಿನವರು ಬರೆದಿದ್ದರು: ಈ ಜನರ ಸಿನಿಮಾದಲ್ಲಿ ಕಣ್ಣೀರಿಗೆ ಕಾರಣ ಬೇಕಿಲ್ಲ, ಅಳತೆಯೂ ಬೇಕಿಲ್ಲ. ಹನ್ನೊಂದು ನಿಮಿಷ ಬರಿಯ ರೋದನ. ಬಳಿಕ ಮಗ ಯಾವ ಕಾರಣವೂ ಇಲ್ಲದೆ ಮನೆ ಬಿಟ್ಟು ಹೋಗುತ್ತಾನೆ. ನಿರ್ದೇಶಕರಿಗೆ ಕಥೆ ಮುಂದೆ ಹೋಗಬೇಕಿತ್ತು, ಅಷ್ಟೆ.

ಫ್ರಾನ್ಸಿನವರು ಹೊಗಳಿದ್ದರು. ನಿರ್ದೇಶಕರು ಮಾತನ್ನೇ ತೊರೆದಿದ್ದಾರಂತೆ. ಅರ್ಥವಿಲ್ಲದ ಶುದ್ಧ ದನಿಯಾಗಿ ದುಃಖವನ್ನು ತೋರಿಸಿದ್ದಾರಂತೆ. ಮಗ ಕಾರಣವಿಲ್ಲದೆ ಹೋಗುವುದು ಬದುಕಿನ ಅರ್ಥಹೀನತೆಯಂತೆ.

ಒಬ್ಬರು ತೆಗಳಿದ್ದು, ಒಬ್ಬರು ಹೊಗಳಿದ್ದು, ಎರಡೂ ಅವನ ಒಂದು ಸಾಲನ್ನು. ಆ ತಾಯಿಯ ಬಾಯಿ ಕಟ್ಟಿದವನು ದೇಜಪ್ಪ.

ಬಾಯಿ ಕಟ್ಟಿದ್ದು ಇದೇ ಮೊದಲಲ್ಲ. ಏಳು ವರ್ಷದ ಹಿಂದೆ ಅಪ್ಪ ಸತ್ತ ದಿನ ಅಮ್ಮ ಹೆಣದ ತಲೆಯ ಬಳಿ ಕೂತು ಹೇಳಿ ಹೇಳಿ ಅಳುತ್ತಿದ್ದಳು. ಮಂಗಳೂರಿನ ಆಫೀಸಿನಿಂದ ಇಬ್ಬರು ಕಾರಿನಲ್ಲಿ ಬಂದು ಅಂಗಳದಲ್ಲಿ ನಿಂತರು. ದೇಜಪ್ಪನಿಗೆ ನಾಚಿಕೆಯಾಯಿತು. ಒಳಗೆ ಹೋಗಿ, ‘ಸಾಕಮ್ಮ, ಜನ ಬಂದಿದ್ದಾರೆ’ ಎಂದ. ‘ದೇಜು ಬರುವವರೆಗೆ ನೀವು ಬಾಗಿಲು...’ ಎಂದು ಅಪ್ಪನಿಗೆ ಹೇಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. ಮುಂದೆ ಅವಳು ಅಳಲೇ ಇಲ್ಲ. ಬಂದವರು, ‘ನಿಮ್ಮ ತಾಯಿ ಗಟ್ಟಿ ಹೆಂಗಸು’ ಎಂದು ಹೇಳಿ ಹೋದರು.

ಸ್ಟೆನ್ಸಿಲ್ ತಿದ್ದುವ ಗುಲಾಬಿ ಬಣ್ಣದ ದ್ರವದ ಬಾಟ್ಲಿ ಮೇಜಿನ ಮೇಲೆಯೇ ಇತ್ತು. ಬರಹಗಳ ಕೊನೆಯಲ್ಲಿ, ತಾಯಿ ಏನು ಹೇಳಿ ಅತ್ತಳೆಂದು ಒಂದು ಸಾಲು ಸೇರಿಸಬಹುದಿತ್ತು. ಅತಿಥಿಗಳ ಬರಹಕ್ಕೆ ಕೈ ಹಾಕಲು ತಾನು ಯಾರು? ವೀಸಾ ಮ್ಯಾನೇಜರರ ಸಹಿಯ ಮೇಲೆ ನಿಂತಿತ್ತು. ನೂರ ಇಪ್ಪತ್ತು ಪ್ರತಿ ತೆಗೆದು, ಪಿನ್ನು ಹೊಡೆದು, ಮೊಯ್ದುವಿನ ಕೈಯಲ್ಲಿ ಕಳಿಸಿದ.

ಮೂರನೆಯ ದಿನ ವಿಕ್ಟೋರಿಯಾ ಬುಲೆಟಿನ್ ಹಿಡಿದುಕೊಂಡು ಬಂದಳು. ಡ್ಯೂಟಿಯಿಂದ ನೇರ ಬಂದಿದ್ದಳು. ಬಿಳಿ ಶೂ ಕೂಡ ಬದಲಿಸಿರಲಿಲ್ಲ.

‘ಬುಧವಾರ ಕಮಿಟಿ ಅಲ್ಲವೆ ಮಿಸ್ಟರ್ ದೇಜಪ್ಪ? ಇದನ್ನು ಓದಿದ ಮೇಲೆ ನಮಗೆ ಹಾಲ್ ಯಾರು ಕೊಡುತ್ತಾರೆ? ಮಗ ಯಾಕೆ ಹೋದ ಅಂತ ಇವರಿಗೆ ಗೊತ್ತೇ ಆಗಲಿಲ್ಲವಂತೆ. ನಾನು ಅಷ್ಟೆಲ್ಲ ಹೇಳಿದ್ದೆನಲ್ಲ. ನೀವು ಬರೆದುಕೊಂಡಿರಲ್ಲ!’

ದೇಜಪ್ಪ ಡ್ರಾಯರ್ ಎಳೆದು ಆ ಹಾಳೆಯನ್ನು ಅವಳ ಮುಂದಿಟ್ಟ. ಅವಳು ಓದಿದಳು. ಬೆರಳನ್ನು ಆ ಸಾಲಿನ ಮೇಲೆ ಇಟ್ಟಳು.

‘ನಮ್ಮ ಊರಲ್ಲಿ ಯಾವಳಾದರೂ ಇಷ್ಟೇ ಅತ್ತರೆ, ಪಾಪ, ಹುಟ್ಟು ಮೂಗಿ ಅಂತಾರೆ’ ಎಂದಳು. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತು.

‘ಒಂದು ಪುಟ ಎಂದಿದ್ದರು’ ಎಂದ.

‘ಒಂದು ಪುಟದಲ್ಲಿ ಒಂದು ಚಪ್ಪಲಿಗೆ ಜಾಗ ಇರಲಿಲ್ಲವೆ?’

ಎರಡು ಸಾಲಿನ ಜಾಗ ಇತ್ತು.

ಅವಳು ಹೋದ ಮೇಲೆ ಅವನು ಶಾರ್ಟ್‌ಹ್ಯಾಂಡ್ ಪುಸ್ತಕ ಹುಡುಕಿದ. ಅಂಥವನ್ನು ಬಿಸಾಡುವ ಅಭ್ಯಾಸ ಅವನಿಗಿಲ್ಲ. ಮಂಗಳವಾರ ಮಧ್ಯಾಹ್ನದ ವಿರಾಮವಿಡೀ ಕೂತು ಆ ಹನ್ನೊಂದು ನಿಮಿಷವನ್ನು ಒಂದು ಪದ ಬಿಡದೆ ಟೈಪು ಮಾಡಿದ. ಮೂರು ಪುಟವಾಯಿತು. ಮೊಯ್ದು ಚಾ ತಂದಿಟ್ಟು, ‘ಈಗ ಎಂಥ ಪ್ರಯೋಜನ ದೇಜಪ್ಪಣ್ಣ? ಅವರು ಹಾರಿ ಹೋಗಿ ಆಯ್ತು. ಖಲಾಸ್!’ ಎಂದ. ಆಮೇಲೆ ದನಿ ತಗ್ಗಿಸಿ, ‘ಸಾಹೇಬ್ರ ಹತ್ರ ಹೋಗುದಾದ್ರೆ ಊಟ ಆದ ಮೇಲೆ ಹೋಗಿ, ಬೆಳಿಗ್ಗೆ ತಲೆ ಬಿಸಿ ಇರ್ತದೆ’ ಎಂದ.

ದೇಜಪ್ಪ ಬುಧವಾರ ಬೆಳಿಗ್ಗೆಯೇ ಹೋದ. ಊಟದವರೆಗೆ ಕಾದರೆ ಧೈರ್ಯ ಇರುತ್ತದೆ ಎಂಬ ನಂಬಿಕೆ ಅವನಿಗಿರಲಿಲ್ಲ.

‘ಸರ್, ಅತಿಥಿಗಳ ಬರಹದಲ್ಲಿರುವ ತಪ್ಪು ಅವರದಲ್ಲ, ಸಿನಿಮಾದ್ದೂ ಅಲ್ಲ. ನನ್ನದು.’

ಮ್ಯಾನೇಜರ್ ಮೂರು ಪುಟ ಓದಿದರು. ಕೊನೆಗೆ ಬಂದು ಮತ್ತೆ ಮೊದಲ ಪುಟಕ್ಕೆ ಹೋದರು. ಕನ್ನಡಕ ತೆಗೆದರು.

‘ಆ ದಿನ ನಾನೂ ನಕ್ಕೆ’ ಎಂದರು. ‘ಇದನ್ನು ನೀನು ಮೊದಲೇ ಯಾಕೆ ಕೊಡಲಿಲ್ಲ?’

‘ಅಳುವಿನಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆಯುವ ಕ್ರಮ ಇಲ್ಲ ಅಂದುಕೊಂಡೆ ಸರ್.’ ‘ನಾಚಿಕೆಯೂ ಆಯಿತು’ ಎಂದ.

ಕೆಲಸ ಹೋಗಲಿಲ್ಲ. ಮ್ಯಾನೇಜರ್ ಬೈಯಲೂ ಇಲ್ಲ. ಆ ಪುಟಗಳನ್ನು ಕಮಿಟಿಗೆ ತೋರಿಸಿದರು, ಎರಡು ಪ್ರತಿ ಲಂಡನ್ನಿಗೂ ಪ್ಯಾರಿಸ್ಸಿಗೂ ಅಂಚೆಗೆ ಹಾಕಿಸಿದರು. ಲಕೋಟೆ ಟೈಪು ಮಾಡಿದ್ದು ದೇಜಪ್ಪನೇ. ವಿಳಾಸವನ್ನು ಮೂರು ಸಲ ನೋಡಿದ.

ಕಮಿಟಿ ಹಾಲ್ ಕೊಡಲಿಲ್ಲ. ಶುಕ್ರವಾರ ಸದಸ್ಯರ ಮಕ್ಕಳಿಗೆ ಬೇಕು ಎಂದು ಕಾರಣ ಬರೆದರು.

ಸುದ್ದಿ ತಿಳಿಸಲು ದೇಜಪ್ಪನೇ ಆಸ್ಪತ್ರೆಯ ಗೇಟಿಗೆ ಹೋದ. ವಿಕ್ಟೋರಿಯಾ ಮೂರು ಪುಟಗಳನ್ನು ಅಲ್ಲೇ ನಿಂತು ಓದಿದಳು. ಇಗರ್ಜಿ, ಚಪ್ಪಲಿ, ಕಂಬ, ಎಲ್ಲ ಸರಿಯಾಗಿದೆ ಎಂದಳು. ಒಂದು ಕಡೆ ಪೆನ್ನು ತೆಗೆದು ಇರುವೆ ಎಂಬುದನ್ನು ಹುಳ ಎಂದು ತಿದ್ದಿದಳು.

‘ಇದು ಕೈಯಲ್ಲಿದ್ದಿದ್ದರೆ ಅವರು ಬೇರೆ ಥರ ಬರೆಯುತ್ತಿದ್ದರೆ?’ ಅವನು ಕೇಳಿದ.

‘ಯಾರಿಗೆ ಗೊತ್ತು? ಸಿನಿಮಾವೇ ಅಷ್ಟೊಂದು ಒಳ್ಳೆಯದಲ್ಲವೋ ಏನೋ. ನಾವು ಅದನ್ನು ಒಳ್ಳೆಯದು ಕೆಟ್ಟದ್ದು ಅಂತ ನೋಡುವುದಿಲ್ಲ ಮಿಸ್ಟರ್ ದೇಜಪ್ಪ. ಹೋದ ವರ್ಷ ನನ್ನ ಅಪ್ಪ ತೀರಿಕೊಂಡ ಕಾಗದ ಬಂದಾಗ ಇಪ್ಪತ್ತು ದಿನ ಆಗಿಹೋಗಿತ್ತು. ಅವತ್ತು ನನಗೆ ಡ್ಯೂಟಿ ಇತ್ತು. ಅಳಲು ಒಂದು ಮನೆ ಬೇಡವೆ?’

ಅವಳು ಪುಟಗಳನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಒಳಗೆ ಹೋದಳು.

ಮುಂದಿನ ಮೇ ತಿಂಗಳಲ್ಲಿ ದೇಜಪ್ಪ ರಜೆಯಲ್ಲಿ ಊರಿಗೆ ಹೋದ. ಅಮ್ಮ ಜಗಲಿಯಲ್ಲಿ ಬಂಗುಡೆ ಹಸನು ಮಾಡುತ್ತ ಕೂತಿದ್ದಳು. ಎರಡು ದಿನ ಕಾದು ಕೇಳಿದ.

‘ಅಮ್ಮ, ಅಪ್ಪ ಹೋದ ದಿನ ನೀನು ಏನೋ ಹೇಳಿ ಅಳುತ್ತಿದ್ದೆ. ದೇಜು ಬರುವವರೆಗೆ ನೀವು ಬಾಗಿಲು ಅಂತ. ನಾನು ಸಾಕು ಅಂದೆ. ಆಮೇಲೆ ಏನಿತ್ತು?’

ಅಮ್ಮನ ಕೈಯ ಕತ್ತಿ ನಿಂತಿತು. ಮಗನ ಮುಖವನ್ನು ನೋಡಿದಳು.

‘ಅದೆಲ್ಲ ಈಗ ಎಂಥಕ್ಕೆ ಮಗಾ? ಅದು ಆಗ ಬಂದದ್ದು. ಕೇಳಿದಾಗ ಬರುವಂಥದ್ದಾ ಅದು?’ ಎಂದು ಮತ್ತೆ ಮೀನಿಗೆ ಕೈ ಹಾಕಿದಳು.

ತಾನು ಬರುವವರೆಗೆ ಅಪ್ಪ ಬಾಗಿಲು ತೆರೆದಿಡಲು ಹೇಳಿದ್ದರೋ, ಹಾಕಿಬಿಡಲು ಹೇಳಿದ್ದರೋ ದೇಜಪ್ಪನಿಗೆ ಇಂದಿಗೂ ತಿಳಿಯದು. ಲಂಡನ್ನಿನಿಂದಲೂ ಪ್ಯಾರಿಸ್ಸಿನಿಂದಲೂ ಉತ್ತರ ಬರಲಿಲ್ಲ. ಆ ಮೂರು ಪುಟಗಳನ್ನು ಅವರು ಓದಿದರೋ ಇಲ್ಲವೋ, ಅದೂ ಗೊತ್ತಿಲ್ಲ.