ಮೂರು ಸಲ ಸೋಸಿದ್ದು

ಸಂಜೆ ನೆನೆಹಾಕಿದ ಬಾದಾಮಿಯನ್ನು ಬೆಳಿಗ್ಗೆ ಎರಡು ಬೆರಳಲ್ಲಿ ಚಿವುಟಿದರೆ ಸಾಕು, ಸಿಪ್ಪೆ ಕೈಯಲ್ಲಿ ಉಳಿದು ಬೀಜ ಪುಳಕ್ಕನೆ ಹಾರುತ್ತದೆ. ದಿನಾ ಒಂದು ಹಿಡಿ ಸುಲಿಯುತ್ತಿದ್ದೆ. ಅಕ್ಕನ ಮಗುವಿಗೆ ಹಾಲು ಮಾಡುವ ಕೆಲಸ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡಿದ್ದು. ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ. ಆದರೂ ಬೈಯುತ್ತೇನೆ.

ಮಗುವಿಗೆ ಆಗ ನಾಲ್ಕು ತಿಂಗಳು. ದುಂಡಗೆ ಹುಟ್ಟಿದ್ದಕ್ಕೆ ಅಮ್ಮ ಗುಂಡಮ್ಮ ಎಂದಳು, ಅದೇ ನಿಂತಿತು. ಜ್ವರ ಬಂದು ಅಕ್ಕನ ಎದೆಹಾಲು ಬತ್ತಿತು. ಹಸುವಿನ ಹಾಲು ಕುಡಿಸಿದರೆ ಗುಂಡಮ್ಮನ ಮೈಯೆಲ್ಲ ದದ್ದು, ಭೇದಿಯಲ್ಲಿ ರಕ್ತ. ಡಾಕ್ಟರು ಬೇರೆ ಥರದ ಹಾಲಿನ ಪುಡಿ ಬರೆದುಕೊಟ್ಟರು. ಮೂರು ಸಲ ಹೋದರೂ ಔಷಧಿ ಅಂಗಡಿಯವನು ಸ್ಟಾಕ್ ಇಲ್ಲ, ಮುಂದಿನ ವಾರ ಬಾ ಎಂದ. ಹಸಿದ ಮಗುವಿಗೆ ಮುಂದಿನ ವಾರ ಅಂದರೆ ಏನು ಗೊತ್ತಾಗುತ್ತದೆ?

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಾದಾಮಿ ಕಾರ್ಖಾನೆ ಸೇರಿದವನು. ಬೆಲ್ಟಿನ ಮೇಲೆ ಹರಿದು ಬರುವ ಬೀಜದಲ್ಲಿ ಒಡಕನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಶನಿವಾರ ಒಡಕನ್ನು ಮನೆಗೆ ಒಯ್ಯಬಹುದು. ಪಕ್ಕದಲ್ಲಿ ನಿಲ್ಲುವ ಕನ್ನಡಕದವನು ಫೋನಿನಲ್ಲಿ ನೋಡಿ ಹೇಳಿದ, ಬಾದಾಮಿಯಿಂದ ಮನೆಯಲ್ಲೇ ಹಾಲು ಮಾಡಬಹುದಂತೆ, ಈಗ ದೊಡ್ಡವರೆಲ್ಲ ಅದನ್ನೇ ಕುಡಿಯುತ್ತಾರಂತೆ. ದೊಡ್ಡವರು ಅಂದರೆ ದುಡ್ಡಿರುವವರು ಅಂದುಕೊಂಡೆ. ಅವರು ಕುಡಿಯುವುದು ನಮ್ಮ ಗುಂಡಮ್ಮನಿಗೂ ಸಿಗಲಿ ಎಂಬ ಹಟ ಹುಟ್ಟಿತು. ವಯಸ್ಸಿಗೆ ದೊಡ್ಡವರು ಎಂಬ ಅರ್ಥವೂ ಅದಕ್ಕಿದೆ ಎಂದು ಈ ಮಂಡೆಗೆ ಹೊಳೆಯಲಿಲ್ಲ.

ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ನೀರು ಬೆರೆಸಿ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಹಿಂಡುತ್ತಿದ್ದೆ. ಮೊದಲ ದಿನ ತರಿ ಸಿಕ್ಕಿ ಬಾಟಲಿಯ ನಿಪ್ಪಲ್ ಕಟ್ಟಿಕೊಂಡಿತು, ಮಗು ಕೆಮ್ಮಿತು. ಅವತ್ತಿನಿಂದ ಮೂರು ಸಲ ಸೋಸಿದೆ. ನಾಲಿಗೆಗೆ ಒಂದು ತರಿ ಸಿಗಬಾರದು. ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನನಗಿಂತ ನೀನೇ ಒಳ್ಳೆ ತಾಯಿ ಕಣೋ ಎಂದು ರೇಗಿಸಿದಳು. ಎದೆ ಉಬ್ಬಿತ್ತು ನನಗೆ.

ಬಟ್ಟೆಯಲ್ಲಿ ಉಳಿದ ಚರಟವನ್ನು ಎಸೆಯಲು ಮನಸ್ಸು ಬರಲಿಲ್ಲ. ಸಕ್ಕರೆ ಕಲಸಿ, ಬ್ರೆಡ್ಡಿಗೆ ಮೆತ್ತಿ, ಅಮ್ಮ, ಅಕ್ಕ, ನಾನು ಮೂವರೂ ತಿಂದೆವು. ಎರಡು ತಿಂಗಳಲ್ಲಿ ನನ್ನ ಕೆನ್ನೆ ತುಂಬಿತು. ಯಾವ ಮಾವನ ಮನೆಯಲ್ಲಿ ಉಣ್ಣುತ್ತಿದ್ದೀಯೋ ಎಂದು ಕನ್ನಡಕದವನು ಕಿಚಾಯಿಸಿದ.

ಚುಚ್ಚುಮದ್ದಿನ ದಿನ ನರ್ಸು ಮಗು ಹಾಲು ಕುಡಿಯುತ್ತದಾ ಎಂದು ಕೇಳಿದಳು. ಚೆನ್ನಾಗಿ ಕುಡೀತಾಳೆ ಎಂದಳು ಅಕ್ಕ. ನರ್ಸು ಕಾರ್ಡಿನಲ್ಲಿ ಗೀಟು ಎಳೆದಳು. ಯಾವ ಹಾಲು ಎಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಗಿಡದ ಎಲೆ ಕಿತ್ತರೆ ಒಸರುವುದನ್ನೂ ಹಾಲು ಎನ್ನುವ ಜನ ನಾವು. ಬೆಳ್ಳಗಿದ್ದರೆ ಮುಗಿಯಿತು.

ಆಮೇಲೆ ಗುಂಡಮ್ಮ ಅಳುವುದನ್ನು ಕಡಿಮೆ ಮಾಡಿದಳು. ಹಾಲು ಒಗ್ಗಿದೆ, ಎಷ್ಟು ಒಳ್ಳೆ ಮಗು ಎಂದಳು ಅಮ್ಮ. ಪಾದ ಉಬ್ಬಿತು, ಮುಖ ತುಂಬಿತು. ಹೆಸರಿಗೆ ತಕ್ಕ ಹಾಗೆ ಆದಳು ಎಂದು ನಕ್ಕೆವು. ನಕ್ಕೆವು.

ಕಣ್ಣು ತೆರೆಯದ ದಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ಪಾದವನ್ನು ಬೆರಳಿನಿಂದ ಒತ್ತಿದರು. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಅದು ಹಾಗೇ ಇತ್ತು.

"ಇದು ಮೈಯಲ್ಲ, ನೀರು. ಏನು ಕೊಡ್ತಿದ್ರಿ?"

ನಾನು ಹೇಳಿದೆ. ನೆನೆಸಿದ್ದು, ಸುಲಿದದ್ದು, ಮೂರು ಸಲ ಸೋಸಿದ್ದು, ಒಂದೂ ಬಿಡದೆ. ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ದೊಡ್ಡವರು ಕುಡೀಬಹುದಪ್ಪ. ಇಷ್ಟು ಚಿಕ್ಕ ಮಗುಗೆ ಅದು ಹಾಲಲ್ಲ. ಸೋಸದೆ ಕೊಟ್ಟಿದ್ರೂ ಸಾಕಾಗ್ತಿರಲಿಲ್ಲ. ಇದ್ದಬದ್ದ ಸತ್ವಾನೂ ಬಟ್ಟೇಲೇ ಉಳಿದಿದೆ."

ಅಕ್ಕ ನನ್ನ ಮುಖ ನೋಡಲಿಲ್ಲ. ತನ್ನ ಕೈ ನೋಡಿಕೊಂಡಳು. ಕೈ ತುಂಬಿಕೊಂಡಿತ್ತು, ಹೆರಿಗೆಗೆ ಮುಂಚೆ ಇದ್ದ ಹಾಗೆ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗುಂಡಮ್ಮ ಹೋದಳು. ಒಂದು ಸಲವೂ ಅಳಲಿಲ್ಲ.

ಕೌಂಟರಿನವನು ಕಾಗದ ಕೊಟ್ಟ. ಸಾವಿನ ಕಾರಣ ಎಂಬ ಕಡೆ ಪೋಷಣೆಯ ಕೊರತೆ ಎಂದು ಬರೆದಿತ್ತು. ಕೊರತೆ ಎಲ್ಲಿತ್ತು, ನಮ್ಮ ಮೂವರ ಹೊಟ್ಟೆ ನೋಡಿ ಬರಿ ಎಂದು ಕೂಗಾಡಿದೆ. ಅವನು ಕಾಗದವನ್ನು ಇನ್ನಷ್ಟು ಮುಂದಕ್ಕೆ ತಳ್ಳಿ ಮುಂದಿನವರನ್ನು ಕರೆದ.

ಅಮ್ಮ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅಕ್ಕ ಕಾಣಲಿಲ್ಲ. ಹುಡುಕಿದರೆ ಕೈತೊಳೆಯುವ ಬೇಸಿನ್ ಹತ್ತಿರ ಬಗ್ಗಿ, ಬೆರಳುಗಳನ್ನು ಗಂಟಲಿನವರೆಗೆ ತುರುಕಿಕೊಂಡು ಓಕರಿಸುತ್ತಿದ್ದಳು. ಹಿಡಿದು ಎಳೆದೆ. ಮೊಣಕೈಯಲ್ಲಿ ತಿವಿದು ನನ್ನನ್ನು ದೂರ ತಳ್ಳಿದಳು.

"ಬಿಡೋ. ಅವಳದ್ದು ಅದು. ಈಚೆ ಬರಲಿ."

ಮೂರು ದಿನದಿಂದ ಅವಳು ಏನೂ ತಿಂದಿರಲಿಲ್ಲ. ಬರೀ ನೀರು ಬಂತು. ಅವಳು ಮತ್ತೆ ಬೆರಳು ಹಾಕಿದಳು. ನಾನೂ ಪಕ್ಕದ ಬೇಸಿನ್‌ಗೆ ಬಗ್ಗಿದೆ.