ದೊರೆಸಾನಿಯ ರೋಜಾಪಾತಿ

ಬೆರಳಿಗೆ ತಾಗಿದ್ದು ಕಲ್ಲೇ ಇರಬೇಕು, ಕಲ್ಲಾದರೆ ಇಷ್ಟು ನುಣುಪೇಕೆ — ಜಾರಿಬಿದ್ದ ಹೂವೆತ್ತಲು ರೋಜಾಪಾತಿಗೆ ಬಗ್ಗಿದ ಬಸಮ್ಮ ಮಣ್ಣು ಒರೆಸಿ ನೋಡಿದಳು, ಹಲ್ಲು, ದನದ್ದೋ ಎಮ್ಮೆಯದೋ ದವಡೆಹಲ್ಲು, ಥೂ ಶಿವನೇ, ಮಿಂದು ವಿಭೂತಿ ಹಚ್ಚಿ ಪೂಜೆಗೆ ಹೂ ಕೊಯ್ಯಲು ಬಂದವಳ ಕೈಗೆ ಹಲ್ಲು! ಎಸೆಯಬೇಕು, ಎಸೆಯಲಾಗುತ್ತಿಲ್ಲ, ನಾಯಿ ಗೀಯಿ ತಂದು ಹಾಕಿತೇನೋ, ನಾಯಿಯಾದರೆ ಒಂದು ಹಾಕೀತು, ಇಲ್ಲಿ ಕೆದಕಿದಷ್ಟೂ ಬೆಳ್ಳನೆ ಚೂರು, ಸುಣ್ಣವೆಂದು ತಾನೇ ಬೊಗಸೆಯಲ್ಲಿ ಉದುರಿಸಿದ ಪುಡಿಯ ನಡುವೆ — ಸುಣ್ಣ ಕಣೇ, ಧಾರಾಳವಾಗಿ ಹಾಕು, ಅಂದಿದ್ದರಲ್ಲ ಇವರು, ಮೂಡಿಗೆರೆ ಕಡೆಯ ಬಿಳಿ ದೊರೆಯ ಕಾಫಿ ಎಸ್ಟೇಟಿಗೆ ಅಕ್ಕಿ ಮೂಟೆ ಇಳಿಸಲು ಹೋಗಿ ದೊರೆಸಾನಿಯ ಹೂತೋಟ ನೋಡಿ ಬಂದಾಗಿನಿಂದ ಹಿಡಿದ ಹುಚ್ಚು, ಚಿಕ್ಕಮಗಳೂರು ಪೇಟೆಯಲ್ಲಿ ಅಂಗಡಿಯ ಬೆನ್ನಿಗಿರುವ ಹಿತ್ತಲು, ಎರಡು ಸೀರೆ ಹರವಿದರೆ ಮುಗಿಯಿತು, ಅದಕ್ಕೆ ಡೇಲಿಯವಂತೆ, ರೋಜವಂತೆ, ನಡುವೆ ಕಲ್ಲು ಹಾಸಿದ ದಾರಿಯಂತೆ, ಅಂಗೈಯಗಲದ ಜಾಗಕ್ಕೆ ಬಂಗಲೆಯ ಬಿಂಕ! ಬಸಳೆ ಚಪ್ಪರ ಕಿತ್ತರು, ತುಂಬೆ ಕಿತ್ತರು, ಕಳಸದಿಂದ ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಮಲ್ಲಿಗೆ ಬಳ್ಳಿಯನ್ನೂ, ಲಿಂಗಕ್ಕೆ ಒಂದಿನಾನೂ ಹೂ ತಪ್ಪಿಸ್ಬ್ಯಾಡ ಮಗಾ, ಅಂದಿದ್ದಳು ಅವ್ವ, ಅವ್ವ ಈಗಿಲ್ಲ, ಬಳ್ಳಿಯೂ ಇಲ್ಲ, ಅಮಲ್ದಾರ್ರು ಬಂದ್ರೆ ಈ ಹಳ್ಳಿ ಬಳ್ಳಿ ನೋಡಿ ನಗ್ತಾರೆ, ಅಂತ ಇವರು ಬುಡಸಮೇತ ಕಿತ್ತೆಸೆದರು. ಅತ್ತಳು, ಊಟ ಬಿಟ್ಟಳು, ಆಮೇಲೆ ರೋಜ ಮೊಗ್ಗೊಡೆದಾಗ ಸೋತೂಬಿಟ್ಟಳು — ಸೋತದ್ದೇ ಹೇಸಿಗೆ — ಏನು ಕೆಂಪು, ಏನು ದಪ್ಪ, ಮೊದಲ ಹೂವನ್ನು ಎಡಗೈಯ ಲಿಂಗದ ಮೇಲಿಟ್ಟು ಕಣ್ಣು ಮುಚ್ಚಿದ್ದಳು, ಅಂದಿನಿಂದ ದಿನವೂ. ಇದೇ ಅಂಗೈಯಲ್ಲಿ ಪುಡಿ, ಇದೇ ಅಂಗೈಯಲ್ಲಿ ಲಿಂಗ, ಈಗ ಹಲ್ಲು.

ಲೇ ಬಸಮ್ಮ, ಹೂ ಎಲ್ಲೇ, ಅಯ್ನೋರು ಪೂಜೆಗೆ ಕೂತಾಯ್ತು — ಗಂಡ ಚಂದ್ರಶೇಖರಪ್ಪ ಬಾಗಿಲಲ್ಲಿ, ರೇಷ್ಮೆ ಶಲ್ಯ, ಹಣೆತುಂಬ ವಿಭೂತಿ, ಮಠದ ಅಯ್ಯನವರನ್ನು ಮನೆಗೆ ಕರೆಸಿದ್ದೇ ಈ ಹೂ ತೋರಿಸಲಿಕ್ಕೆ, ಅವಳಿಗೆ ಗೊತ್ತಿಲ್ಲವೇ, ಹಲ್ಲು ಹಿಡಿದು ತೋರಿಸಿದಳು, ಏನ್ರೀ ಇದು, ಅವರು ಬೆಚ್ಚಲಿಲ್ಲ, ಬೆಚ್ಚಿದ್ದರೆ ಎಷ್ಟು ಚೆನ್ನಾಗಿತ್ತು, ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು, ಮೆತ್ತಗೆ ಮಾತಾಡೇ, ಮೂಳೆಪುಡಿ ಕಣೆ, ದೊರೆ ತೋಟದ ರೋಜಕ್ಕೆಲ್ಲ ಅದೇ ಗೊಬ್ರ, ಪುಡಿ ಆಗ್ದೇ ಒಂದು ಉಳ್ಕೊಂಡಿರ್ಬೇಕು, ಮಣ್ಣಿಗೆ ಬಿದ್ಮೇಲೆ ಎಲ್ಲಾ ಮಣ್ಣೇ ಅಲ್ವೇನೆ. ನಿಮ್ಗೆ ಗೊತ್ತಿತ್ತಾ ಹಾಗಾದ್ರೆ? ಹೇಳಿದ್ರೆ ನೀನು ಮುಟ್ತಿದ್ಯಾ! ನಕ್ಕರು ಬೇರೆ, ಎಲೆಯಡಿಕೆಯ ಕೆಂಪು ಹಲ್ಲು, ಛೀ, ಈ ಬಾಯಿ, ಅಂಗಡಿಯ ಜಗಲಿಯ ಮೇಲೆ ಯಾರೋ ಬಡವಿ ಮೊಟ್ಟೆಬುಟ್ಟಿ ಇಳಿಸಿದಳೆಂದು ಅವಳನ್ನು ಬೀದಿಗಟ್ಟಿ ಜಗಲಿಯನ್ನೆಲ್ಲ ಸಗಣಿನೀರಲ್ಲಿ ತೊಳೆಸಿದ ಬಾಯಿ, ಹೇಳೋದು ಆಚಾರ ತಿನ್ನೋದು ಬದನೆಕಾಯಿ ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ, ಅವರಾಗಲೇ ಕಚಕಚನೆ ರೋಜ ಕೊಯ್ಯುತ್ತಿದ್ದಾರೆ, ತಟ್ಟೆ ತುಂಬಿಸಿ ಅವಳ ಕೈಗೆ ತುರುಕಿದರು, ನಡಿ, ಮುಖ ಸರಿ ಮಾಡ್ಕೊ, ಅಯ್ನೋರ ಮುಂದೆ ಒಂದಕ್ಷರ ಆಡ್ಬ್ಯಾಡ, ಅಮಲ್ದಾರ್ರೂ ಬಂದಿದಾರೆ. ನಡೆದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಮುಷ್ಟಿ, ಮುಷ್ಟಿಯೊಳಗೆ ಅದು ಅಂಗೈಗೆ ಒತ್ತುತ್ತಿದೆ, ಪಡಸಾಲೆಯಲ್ಲಿ ಧೂಪ, ಅಮಲ್ದಾರರ ಬೂಟು ಹೊಸಿಲಾಚೆ, ಅಯ್ಯನವರ ಎಡಗೈಯಲ್ಲಿ ಲಿಂಗ, ಬಲಗೈ ಅವಳ ಕಡೆ ಚಾಚಿದೆ, ಹೂ ಕೊಡು ತಾಯಿ, ಕೊಟ್ಟರೆ ಪಾಪ, ಕೊಡದಿದ್ದರೆ ಮನೆಯಲ್ಲಿ ಬಾಳುವುದು ಹೇಗೆ, ತೌರಿಗೆ ಹೋಗೋಣವೆಂದರೆ ತೌರಲ್ಲಿ ಅವ್ವನಿಲ್ಲ, ಲಿಂಗಕ್ಕೆ ಒಂದಿನಾನೂ ಹೂ ತಪ್ಪಿಸ್ಬ್ಯಾಡ ಮಗಾ, ತಪ್ಪಿಸುತ್ತೇನವ್ವ, ಇವತ್ತು ತಪ್ಪಿಸುತ್ತೇನೆ — ತಟ್ಟೆಯನ್ನು ಹೊಸಿಲಾಚೆ, ಆ ಬೂಟುಗಳ ಪಕ್ಕ ಇಟ್ಟಳು. ಈ ಹೂ ಬ್ಯಾಡಿ ಅಯ್ನೋರೆ. ಯಾಕೆ ತಾಯಿ? ಬಸಮ್ಮಾ, ಎಂದರು ಇವರು, ಹಲ್ಲು ಕಚ್ಚಿ. ಅವಳು ಮುಷ್ಟಿ ಬಿಚ್ಚಿದಳು, ಬೆಳ್ಳಗೆ, ಅಂಗೈ ನಡುವೆ, ಲಿಂಗ ಕೂರುವ ಜಾಗದಲ್ಲಿ, ಹಲ್ಲು.