ಗುಂಡನ ಅಳತೆ

"ಅಯ್ಯಯ್ಯೋ, ಇದು ನಮ್ಮ ಪೈಲ್ವಾನನ ಒಡಹುಟ್ಟು ಅಲ್ವೇನಮ್ಮಾ?"

ಬಾಗಿಲಲ್ಲಿ ನಿಂತ ಬೇಕರಿಯವನು ಹೀಗೆ ಕೂಗಿದಾಗ ಪ್ರಾಣಿಗಳ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದವರೆಲ್ಲ, ಪಂಜರದ ಗಿಳಿಯೂ ಸೇರಿ, ತಿರುಗಿ ನೋಡಿದರು. ಅವನ ಹೆಗಲಿಗೆ ಒಂದು ಬೆಕ್ಕು ನಿದ್ದೆ ಹೋದ ಮಗುವಿನ ಹಾಗೆ ಒರಗಿತ್ತು. ಮುಂಗಾಲುಗಳು ಅವನ ಬೆನ್ನ ಮೇಲೆ ಇಳಿಬಿದ್ದಿದ್ದವು, ಹಿಂಗಾಲುಗಳು ಸೊಂಟದ ಬೆಲ್ಟಿಗೆ ತಾಗುತ್ತಿದ್ದವು, ಬಾಲ ಇನ್ನೂ ಕೆಳಗೆ ಎಲ್ಲೋ ಇತ್ತು. ಬೇಕರಿಯವನೇನೂ ಕುಳ್ಳನಲ್ಲ.

ಟೈಲರಮ್ಮ ತನ್ನ ತೊಡೆಯ ಮೇಲಿದ್ದ ಬುಟ್ಟಿಗೆ ಟವೆಲ್ಲು ಹೊದಿಸಲು ನೋಡಿದಳು. ಅಷ್ಟರಲ್ಲಿ ಅವನು ಬಂದು ಪಕ್ಕದಲ್ಲೇ ಕೂತುಬಿಟ್ಟ. ಪೈಲ್ವಾನನನ್ನು ಬೆಂಚಿನ ಮೇಲೆ ಇಳಿಸಿದ. ಅದು ಮೈಮುರಿದು ಮಲಗಿದ ಮೇಲೆ ಬೆಂಚಿನಲ್ಲಿ ಮೂರನೆಯವರಿಗೆ ಜಾಗ ಉಳಿಯಲಿಲ್ಲ.

"ಬೆಕ್ಕಿನಮ್ಮನ ಮನೇಲಿ ಇಬ್ರೂ ಒಂದೇ ದಿನ ಮರಿ ತಗೊಂಡ್ವಲ್ಲ, ಜ್ಞಾಪಕ ಇಲ್ವಾ? ಒಂದೇ ತಾಯಿ, ಒಂದೇ ಸೂಲು. ನೋಡಿ, ಮೂಗಿನ ಮೇಲೆ ಅದೇ ಬಿಳಿ ಬೊಟ್ಟು!" ಅವನು ಬುಟ್ಟಿಯೊಳಗೆ ಇಣುಕಿದ. "ನಮ್ಮ ಪೈಲ್ವಾನನಿಗೆ ಇವತ್ತು ಬರೀ ಲಸಿಕೆ. ಬೆಳವಣಿಗೆ ಇನ್ನೂ ನಿಂತಿಲ್ಲ ಕಣಮ್ಮ, ಮನೇಲಿ ಕುರ್ಚಿ ಬಿಟ್ಟುಕೊಟ್ಟು ನಾನೇ ನೆಲದ ಮೇಲೆ ಕೂತ್ಕೋತೀನಿ. ನಿಮ್ಮದು ಹೆಣ್ಣಲ್ವಾ?"

"ಗಂಡು," ಅಂದಳು.

"ಓ," ಎಂದವನು ಮತ್ತೊಮ್ಮೆ ಬುಟ್ಟಿಗೆ ಇಣುಕಿ, "ಚಿಕ್ಕದಾದ್ರೂ ಮುದ್ದಾಗಿದೆ ಬಿಡಿ," ಅಂದ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ದಿನ ಅವಳಿಗೆ ಚೆನ್ನಾಗಿಯೇ ಜ್ಞಾಪಕವಿತ್ತು. ಬೆಕ್ಕಿನಮ್ಮ, ಅಂದರೆ ಮೇನ್ ಕೂನ್ ಎಂಬ ದೊಡ್ಡ ಜಾತಿಯ ಬೆಕ್ಕು ಸಾಕಿ ಮರಿ ಮಾಡಿಸುವ ಹೆಂಗಸು, ಒಂದು ಮರಿಯ ಪಂಜವನ್ನು ಬೆರಳಲ್ಲಿ ಎತ್ತಿ ತೋರಿಸಿದ್ದಳು. "ಬೆಳೆಯೋ ಸಿರಿ ಮೊಳಕೇಲೇ ಗೊತ್ತಾಗುತ್ತೆ ಅಂತಾರಲ್ಲ, ಈ ಪಂಜ ನೋಡಿ. ಬೇರೆ ಬೆಕ್ಕು ವರ್ಷಕ್ಕೆಲ್ಲ ನಿಂತುಬಿಡ್ತವೆ. ಇವು ನಾಲ್ಕು ವರ್ಷ ಬೆಳೀತವೆ. ನಾಯಿಯಷ್ಟು ಆಗ್ತಾನೆ, ನೋಡ್ತಿರಿ!" ಗಂಡ ಖುಷಿಯಿಂದ ನಕ್ಕಿದ್ದ. ಅವಳು ಮಾತ್ರ ನಗಲಿಲ್ಲ. ಯಾಕೆಂದರೆ ಅದೇ ಬೆಳಿಗ್ಗೆ, ಮರಿ ತರಬಹುದೇ ಎಂದು ಕೇಳಲು ಹೋದಾಗ, ಕೆಳಗಿನ ಮನೆಯ ಯಜಮಾನಮ್ಮ ಹೇಳಿದ್ದರು: "ಬೆಕ್ಕು ತಾನೇ, ಇರ್ಲಿ ಬಿಡೇ. ನಾಯಿಯಷ್ಟಾದ್ರೆ ಮಾತ್ರ ನಿಮ್ಮನ್ನೆಲ್ಲ ಆಚೆ ಹಾಕ್ತೀನಿ, ನೋಡ್ಕೋ."

ಆಚೆ ಹಾಕಿಸಿಕೊಳ್ಳುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಹೊಲಿಗೆ ಮೆಷಿನ್ನಿನ ಸದ್ದು ತಲೆ ತಿನ್ನುತ್ತದೆ ಎಂದು ಹಿಂದೆ ಎರಡು ಮನೆಯವರು ಬಿಡಿಸಿದ್ದರು. ಎರಡನೆಯ ಸಲ ಶಾಲೆ ಶುರುವಾಗುವ ಕಾಲ. ಅರ್ಧ ಹೊಲಿದ ಸಮವಸ್ತ್ರಗಳನ್ನು ಗಂಟು ಕಟ್ಟಿ ಲಾರಿಗೆ ಹಾಕಿದ್ದರು. ಈ ಮಹಡಿಯ ಮನೆಯಲ್ಲಿ ದೊಡ್ಡ ಕಿಟಕಿ, ಸಂಜೆಯವರೆಗೂ ದೀಪ ಬೇಡದ ಬೆಳಕು. ಮೇಲಾಗಿ, "ಮೆಷಿನ್ ಸದ್ದು ಕೇಳ್ತಿದ್ರೆ ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ," ಎನ್ನುವ ಯಜಮಾನಮ್ಮ. ಇಂಥ ಮನೆಯನ್ನು ಒಂದು ಬೆಕ್ಕಿಗಾಗಿ ಕಳೆದುಕೊಳ್ಳುವುದೇ? ಹಾಗಂತ ಮರಿಯನ್ನು ವಾಪಸು ಕೊಡಲು ಕೈ ಬರಲಿಲ್ಲ. ಅದಾಗಲೇ ಅವಳ ತೋಳಿನ ಮಡಿಕೆಯೊಳಗೆ ಮೂಗು ತೂರಿಸಿ ಮಲಗಿಬಿಟ್ಟಿತ್ತು. ಉಂಡೆಯ ಹಾಗಿದ್ದ ಅದಕ್ಕೆ ಗಂಡ ಗುಂಡ ಎಂದು ಹೆಸರಿಟ್ಟ.

ಮನೆಯೂ ಬೇಕು, ಗುಂಡನೂ ಬೇಕು. ಅದಕ್ಕೆ ಅವಳಿಗೆ ಹೊಳೆದ ದಾರಿ ಒಂದೇ. ತಿಂದರಲ್ಲವೇ ಬೆಳೆಯುವುದು?

ಮೊದಮೊದಲು ಒಂದು ಹಿಡಿ ಕಡಿಮೆ ಮಾಡಿದಳು. ಗುಂಡ ಬೆಳೆದ. ಇನ್ನೊಂದು ಹಿಡಿ ಕಡಿಮೆ ಮಾಡಿದಳು. ವಾರಕ್ಕೊಮ್ಮೆ ಕೊರಳಿನ ಟೇಪು ತೆಗೆದು ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯುವಳು. ಅದು ಆಟವೆಂದುಕೊಂಡು ಗುಂಡ ಟೇಪಿನ ತುದಿ ಕಚ್ಚಿ ಎಳೆಯುವನು. ಬೆಳೆದಿದ್ದರೆ ಅವಳ ಮುಖ ಸಣ್ಣದಾಗುತ್ತಿತ್ತು. ಹಾಗೆಂದು ಅವಳಿಗೆ ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಚಳಿಗೆ ಅವನಿಗಾಗಿ ಹತ್ತಿ ತುಂಬಿದ ಹಾಸಿಗೆ ಹೊಲಿದಳು, ಉದ್ದ ಕೂದಲನ್ನು ದಿನವೂ ಬಾಚಿದಳು. ಹೊಟ್ಟೆಗೆ ಮಾತ್ರ ತಣ್ಣೀರು ಬಟ್ಟೆ.

ಗಂಡ ಮುದ್ರಣಾಲಯದಿಂದ ಬಂದವನು ತನ್ನ ತಟ್ಟೆಯ ಮೀನನ್ನು ಮೇಜಿನ ಕೆಳಗೆ ಜಾರಿಸುತ್ತಿದ್ದ. ಒಂದು ದಿನ ಕಂಡುಹಿಡಿದು ರಂಪ ಮಾಡಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ," ಎಂದ ಅವನು. "ನೀನು ಹಾಸಿಗೆಗೆ ಸರಿಹೋಗ್ಲಿ ಅಂತ ಅದರ ಕಾಲನ್ನೇ ಕತ್ತರಿಸ್ತಿದ್ದೀಯಲ್ಲೇ."

"ಹಾಗಾದ್ರೆ ಹೋಗಿ ಬೇರೆ ಮನೆ ಹುಡುಕು. ಮೆಷಿನ್ ಹೊತ್ಕೊಂಡು ನಾನು ಬರ್ತೀನಿ," ಎಂದಳು. ಮನೆ ಹುಡುಕಿ ಬೀದಿ ಸವೆಸಿದ ನೆನಪು ಅವನಿಗೂ ಇತ್ತು. ಆಮೇಲೆ ಅದರ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಈಗ ಅವಳಿಗೆ ಅನಿಸುತ್ತದೆ. ಆದರೆ ತನ್ನ ತಪ್ಪಿಗೆ ಇನ್ನೊಬ್ಬರ ಮೌನವನ್ನು ಬೈಯುವುದು ಸುಲಭ.

ಹೀಗೆ ಗುಂಡ ಊರ ಬೆಕ್ಕುಗಳ ಅಳತೆಯಲ್ಲೇ ನಿಂತ. ಪಂಜ ಮಾತ್ರ ದೊಡ್ಡವು, ಅಪ್ಪನ ಚಪ್ಪಲಿ ಮೆಟ್ಟಿ ತಿರುಗುವ ಮಗುವಿನ ಹಾಗೆ. ಗೆದ್ದೆನೆಂದುಕೊಂಡಳು. ಎರಡು ತಿಂಗಳಿಂದ ಅವನು ಕಿಟಕಿಯ ಕಟ್ಟೆಗೆ ಹಾರಲು ಹೋಗಿ ಜಾರಿ ಬೀಳತೊಡಗಿದ್ದ. ಮೊನ್ನೆ ಹಾರುವ ಪ್ರಯತ್ನವನ್ನೇ ಬಿಟ್ಟು, ಕೆಳಗೆ ಕೂತು ಕಿಟಕಿಯನ್ನು ನೋಡುತ್ತಿದ್ದ. ಅದಕ್ಕೇ ಇವತ್ತು ಆಸ್ಪತ್ರೆಗೆ ಬಂದದ್ದು.

ಡಾಕ್ಟರಮ್ಮ ಗುಂಡನ ಸೊಂಟವನ್ನು ಒತ್ತಿ ನೋಡಿದರು. ಗುಂಡ ಕಚ್ಚಲಿಲ್ಲ, ಸಣ್ಣಗೆ ಕೂಗಿದ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಏನು ಊಟ ಹಾಕ್ತೀರ ಇವನಿಗೆ?" ಎಂದರು.

"ಕೋಳಿ, ಮೀನು... ಅಂಗಡೀಲಿ ಸಿಗೋ ಬೆಕ್ಕಿನ ತಿಂಡಿ."

"ಎಷ್ಟು?"

ಟೈಲರಮ್ಮ ಅಂಗೈಯನ್ನು ಬಟ್ಟಲಿನಂತೆ ಮಡಿಸಿ ತೋರಿಸಿದಳು. ತೋರಿಸುವಾಗಲೂ ಸುಳ್ಳು ಹೇಳಿದಳು. ಇನ್ನೂ ಸ್ವಲ್ಪ ಮುಚ್ಚಬೇಕಿತ್ತು ಅಂಗೈ.

"ಇದು ಈ ಜಾತಿಗೆ ಒಂದು ಹೊತ್ತಿಗೂ ಸಾಲಲ್ಲ. ಯಾರಾದ್ರೂ ಇಷ್ಟೇ ಸಾಕು ಅಂದ್ರಾ?"

"ಇಲ್ಲ ಡಾಕ್ಟ್ರೇ. ಸಣ್ಣದಾಗೇ ಇರ್ಲಿ ಅಂತ ನಾನೇ..."

ಡಾಕ್ಟರಮ್ಮ ಬೈಯಲಿಲ್ಲ. ಹಾಳೆಯನ್ನು ಕೆಳಗಿಟ್ಟು, ಗುಂಡನ ಕಿವಿಯ ಹಿಂದೆ ಕೆರೆಯುತ್ತಾ ಹೇಳಿದರು: "ದೊಡ್ಡ ಜಾತಿ ಸಣ್ಣದಾಗಿ ಉಳಿಯಲ್ಲಮ್ಮ. ಬೆಳೆಯೋಕೆ ಹೊರಟಿರುತ್ತೆ, ಸಾಮಾನು ಸಿಗದೆ ನಡುವೆ ಕೆಟ್ಟುಹೋಗುತ್ತೆ, ಅಷ್ಟೇ. ಸೊಂಟದ ಮೂಳೆ ಗಟ್ಟಿಯಾಗಿಲ್ಲ ಇವನಿಗೆ."

"ಇವು ನಾಲ್ಕು ವರ್ಷ ಬೆಳೀತವಂತಲ್ಲ? ಇವನಿಗಿನ್ನೂ ಮೂರು ತುಂಬಿಲ್ಲ." ಅವಳು ಮೇಜಿನ ಅಂಚು ಹಿಡಿದುಕೊಂಡಿದ್ದಳು. "ಇವತ್ತಿಂದ ಹೊಟ್ಟೆ ತುಂಬ ಹಾಕ್ತೀನಿ. ಆಗುತ್ತಲ್ವಾ ಡಾಕ್ಟ್ರೇ? ಇನ್ನೂ ಟೈಮಿದೆಯಲ್ವಾ?"

"ನಾಲ್ಕು ವರ್ಷ ಅನ್ನೋದು ಮೈ ತುಂಬಿಕೊಳ್ಳೋಕೆ, ಅದು ತುಂಬಿಕೊಳ್ತಾನೆ. ನೋವು ಕಡಿಮೆ ಆಗೋ ಹಾಗೆ ಮಾಡೋಣ." ಅವರು ಅವಳ ಮುಖ ನೋಡದೆ ಹೇಳಿದರು: "ಮೂಳೆ ಬೆಳೆಯೋ ಕಾಲ ಮುಗೀತು. ಅದು ಮೊದಲನೇ ವರ್ಷದ್ದು."

ಬಸ್ಸಿನಲ್ಲಿ ಬುಟ್ಟಿ ಅಪ್ಪಿಕೊಂಡು ಕೂತಾಗ ಅವಳಿಗೆ ಬೇರೇನೋ ಹೊಳೆದು ಮುಖ ಬಿಸಿಯಾಯಿತು. ಊರಿನ ಶಾಲೆಗಳಲ್ಲಿ ಅವಳಿಗೆ ಹೆಸರಿದ್ದುದೇ ಒಂದು ಕಾರಣಕ್ಕೆ: ಮಕ್ಕಳ ಬಟ್ಟೆಗೆ ಒಳಗಡೆ ಧಾರಾಳವಾಗಿ ಮಡಿಕೆ ಬಿಡುತ್ತಿದ್ದಳು. "ಬೆಳೆಯೋ ಮಗು ಕಣ್ರೀ, ಆಮೇಲೆ ಬಿಚ್ಚಿ ಉದ್ದ ಮಾಡ್ಕೊಳ್ಳೋಕೆ ಬಟ್ಟೆ ಬೇಡ್ವಾ?" ಎಂದು ತಾಯಂದಿರಿಗೆ ತಾನೇ ಬುದ್ಧಿ ಹೇಳುತ್ತಿದ್ದಳು. ಊರ ಮಕ್ಕಳಿಗೆಲ್ಲ ಮಡಿಕೆ ಬಿಟ್ಟ ಕೈ ಮನೆಯೊಳಗಿನ ಒಂದು ಜೀವಕ್ಕೆ ಬಿಗಿಯಾಯಿತು. ಅಳು ಬಂತು. ಪಕ್ಕದ ಸೀಟಿನವರು ಕಿಟಕಿಯ ಕಡೆ ತಿರುಗಿಕೊಂಡರು.

ಮನೆಯ ಮೆಟ್ಟಿಲ ಬಳಿ ಯಜಮಾನಮ್ಮ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು.

"ಏನಂದ್ರು ಡಾಕ್ಟ್ರು?"

"ಮೂಳೆ ಗಟ್ಟಿಯಿಲ್ಲವಂತೆ. ಚಿಕ್ಕವನಿದ್ದಾಗ ಊಟ ಸಾಲಲಿಲ್ಲವಂತೆ."

"ನಿನ್ನ ಮನೇಲಿ ಊಟ ಸಾಲದೆ ಹೋಗೋದಾ? ಯಾರಿಗೆ ಹೇಳ್ತಾರೆ!" ಯಜಮಾನಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ನಂಬಿಕೆಯನ್ನು ತಡೆಯಲಾಗಲಿಲ್ಲ. "ನಾನೇ ಹಾಕ್ಲಿಲ್ಲ," ಎಂದುಬಿಟ್ಟಳು. "ನಾಯಿಯಷ್ಟಾದ್ರೆ ಆಚೆ ಹಾಕ್ತೀನಿ ಅಂದಿದ್ರಲ್ಲ ನೀವು."

"ನಾನಾ? ಯಾವಾಗ?"

"ಮರಿ ತರೋ ದಿನ. ಇಲ್ಲೇ ನಿಂತು."

ಯಜಮಾನಮ್ಮ ನಗಲು ಹೊರಟವರು ಬುಟ್ಟಿಯ ಕಡೆ ನೋಡಿ ನಿಲ್ಲಿಸಿದರು. ಕೊಳವೆಯ ನೀರು ಒಂದೇ ಕುಂಡಕ್ಕೆ ಸುರಿದು ತುಂಬಿ ಹೊರಚೆಲ್ಲುತ್ತಿತ್ತು. "ಬಾಯಿಗೆ ಬಂದದ್ದು ಆಡೋ ಬುದ್ಧಿ ಕಣೇ ನಂದು. ತಮಾಷೆಗೆ ಅಂದಿರ್ತೀನಿ. ಬೆಕ್ಕು ಎಷ್ಟು ದೊಡ್ಡದಾದ್ರೆ ನನಗೇನು?" ಆಮೇಲೆ ದನಿ ಇಳಿಸಿ, "ಇಷ್ಟು ದಿನ ಮೇಲೆ ಕೆಳಗೆ ಇದ್ದೀವಿ. ಒಂದು ಮಾತು ನನ್ನ ಕೇಳಬಾರ್ದಿತ್ತಾ?"

"ಕೇಳಿದ್ರೆ ನೀವು ಹೌದು ಅಂದ್ಬಿಟ್ರೆ ಅಂತ..."

ಯಜಮಾನಮ್ಮ ಕೊಳವೆಯನ್ನು ಕೆಳಗಿಟ್ಟರು. ಹೋಗಿ ನಲ್ಲಿ ನಿಲ್ಲಿಸಿದರು.

ಮೇಲೆ ಬಂದು ಅವಳು ಕೋಳಿ ಬೇಯಿಸಿದಳು. ಆರಿಸಿ, ಮೂಳೆ ಬಿಡಿಸಿ, ಬೋಗುಣಿಯ ತುಂಬ ಹಾಕಿ ನೆಲದ ಮೇಲಿಟ್ಟಳು. ಗುಂಡ ಬಂದ. ತಲೆ ತಗ್ಗಿಸಿ ಗಬಗಬನೆ ತಿನ್ನತೊಡಗಿದ. ಎಂದಿನ ಹಾಗೆ ಒಂದು ಮುಂಗಾಲನ್ನು ಎತ್ತಿ ಬೋಗುಣಿಯ ಅಂಚನ್ನು ಒತ್ತಿ ಹಿಡಿದುಕೊಂಡಿದ್ದ. ಅದು ಅವನ ಗತ್ತು ಎಂದು ಅವಳೂ ಗಂಡನೂ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. "ನೋಡಿ, ಸಾಹೇಬರು ಹೇಗೆ ಊಟ ಮಾಡ್ತಾರೆ!"

"ನಿಧಾನ ತಿನ್ನೋ. ಇನ್ನೂ ಇದೆ," ಎಂದು ಅವಳು ಬೆನ್ನು ಸವರಲು ಕೈ ಚಾಚಿದಳು.

ಗುಂಡ ತಿನ್ನುವುದನ್ನು ನಿಲ್ಲಿಸಿದ. ಬಾಯಲ್ಲಿದ್ದುದನ್ನು ನುಂಗದೆ ಅವಳ ಕೈಯನ್ನೇ ನೋಡಿದ. ಪಂಜ ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡಿತು.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಮೆಲ್ಲಗೆ ಎರಡು ಹೆಜ್ಜೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಗೋಡೆಗೆ ಒರಗಿ ಕೂತಳು. ಗುಂಡ ಇನ್ನೂ ನೋಡುತ್ತಲೇ ಇದ್ದ. ಅವಳು ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ ಅವನು ತಲೆ ತಗ್ಗಿಸಿದ, ಕಣ್ಣು ಮಾತ್ರ ಅವಳ ಮೇಲೇ ಇಟ್ಟು.